ಆಗುಂಬೆ ಘಾಟಿಯಲ್ಲಿ ನಿಂತ ಕಾರು

ಕಾಯಿಲೆಯ ಮನುಷ್ಯನು ತನ್ನ ನೋವನ್ನು ವೈದ್ಯರಿಗೆ ಹೇಳಿಕೊಳ್ಳಬಲ್ಲನು. ಯಂತ್ರಕ್ಕೆ ಬಾಯಿಲ್ಲ. ಆದರೂ ಕೆಟ್ಟು ನಿಲ್ಲುವಾಗ ಅದು ಕೆಲವು ಲಕ್ಷಣಗಳನ್ನು ತೋರಿಸಿಯೇ ನಿಲ್ಲುತ್ತದೆ. ಅವನ್ನು ಗಮನಿಸದೆ ಊಹೆಯನ್ನೇ ನಂಬಿ ನಾನು ಒಮ್ಮೆ ಮಾಡಿದ ತಪ್ಪನ್ನು ಇಲ್ಲಿ ಹೇಳುತ್ತೇನೆ.

1986ರ ಬೇಸಗೆ. ನಾನು ಆಗ ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಹೊಸದಾಗಿ ಸೇರಿದ್ದ ಉಪಾಧ್ಯಾಯ. ಹತ್ತನೆಯ ತರಗತಿಯ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಘಟ್ಟದ ಕೆಳಗೆ ಆಸ್ಪತ್ರೆಯಲ್ಲಿದ್ದರು. ಪರೀಕ್ಷೆಗಳ ನಡುವೆ ಎರಡು ದಿನ ಬಿಡುವಿದ್ದುದರಿಂದ ಹುಡುಗನು ತಂದೆಯನ್ನು ನೋಡಲು ಹೋಗಿದ್ದ. ಮರುದಿನ ಬೆಳಿಗ್ಗೆ ಹತ್ತೂವರೆಗೆ ತೀರ್ಥಹಳ್ಳಿಯಲ್ಲಿ ಅವನಿಗೆ ವಿಜ್ಞಾನದ ಪರೀಕ್ಷೆ. ಅವನನ್ನು ಕರೆತರಲು ಒಂದು ಹಳೆಯ ಬಾಡಿಗೆ ಕಾರನ್ನು ಗೊತ್ತು ಮಾಡಿಕೊಂಡು ನಾನೇ ಹೋಗಿದ್ದೆ. ಆರು ಗಂಟೆಗೆ ಹೊರಟು, ಸೋಮೇಶ್ವರವನ್ನು ದಾಟಿ ಘಾಟಿಯನ್ನು ಹತ್ತತೊಡಗಿದೆವು. ಅಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಅರ್ಧ ದಾರಿಯಲ್ಲಿ ಎಂಜಿನ್ ಥಟ್ಟನೆ ನಿಂತಿತು. ಎಷ್ಟು ಸಲ ಸ್ಟಾರ್ಟರ್ ತಿರುಗಿಸಿದರೂ ಮತ್ತೆ ಹೊರಡಲಿಲ್ಲ.

ಪೆಟ್ರೋಲ್ ಎಂಜಿನ್ ನಡೆಯಬೇಕಾದರೆ ಪೆಟ್ರೋಲಿನ ಆವಿ ಮತ್ತು ಗಾಳಿ ಸರಿಯಾದ ಪ್ರಮಾಣದಲ್ಲಿ ಬೆರೆತು ಸಿಲಿಂಡರನ್ನು ಸೇರಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ. ಆ ಮಿಶ್ರಣವು ಅದುಮಲ್ಪಟ್ಟಾಗ ತಕ್ಕ ಗಳಿಗೆಗೆ ಕಿಡಿ ಹಾರಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಕಿಡಿಗಳು ಬೇಕು. 2014ರವರೆಗೆ ತಯಾರಾದ ಅಂಬಾಸಿಡರ್ ಆಗಲಿ, ಪ್ರೀಮಿಯರ್ ಪದ್ಮಿನಿಯಾಗಲಿ, ಇಂದಿನ ಕಾರುಗಳಾಗಲಿ, ಪೆಟ್ರೋಲಿನಿಂದ ಓಡುವುದಾದರೆ ಈ ತತ್ತ್ವ ಒಂದೇ. ಹಳೆಯ ಕಾರುಗಳಲ್ಲಿ ಗಾಳಿ, ಪೆಟ್ರೋಲುಗಳನ್ನು ಬೆರೆಸುವ ಕೆಲಸ ಕಾರ್ಬ್ಯುರೇಟರಿನದು. ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟುಗಳಿಗೆ ಏರಿಸಿ ಕಿಡಿ ಹುಟ್ಟಿಸುವ ಕೆಲಸ ಇಗ್ನಿಷನ್ ಕಾಯಿಲಿನದು.

ಹಾಗಾದರೆ ನಮ್ಮ ಕಾರಿಗೆ ಇಲ್ಲವಾದದ್ದು ಪೆಟ್ರೋಲೋ, ಕಿಡಿಯೋ? ನಾನು ಈ ಪ್ರಶ್ನೆಯನ್ನು ಕೇಳಿಕೊಳ್ಳಲೇ ಇಲ್ಲ. ಎಂಜಿನ್ ವಿಪರೀತ ಕಾದಾಗ ಪೆಟ್ರೋಲು ಕೊಳವೆಯಲ್ಲಿಯೇ ಕುದಿದು ಆವಿಯಾಗುವುದುಂಟು. ದ್ರವವನ್ನು ತಳ್ಳಬೇಕಾದ ಪಂಪು ಆವಿಯನ್ನು ತಳ್ಳಲಾರದೆ ಸೋಲುತ್ತದೆ. ಈ ಸಂಗತಿಯನ್ನು ನಾನು ಕೆಲವೇ ದಿನಗಳ ಹಿಂದೆ ಒಂದು ಪತ್ರಿಕೆಯಲ್ಲಿ ಓದಿದ್ದೆ. ಹೊಸದಾಗಿ ಓದಿದ್ದು ಎಲ್ಲೆಲ್ಲೂ ಕಾಣಿಸುತ್ತದೆ! ಟವಲನ್ನು ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತಿಸಿದೆ. ಅರ್ಧ ಗಂಟೆಯ ಮೇಲೆ ಕಾರು ಹೊರಟಿತು. ನನ್ನ ಸಂತೋಷಕ್ಕೆ ಪಾರವಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ತೀರ್ಥಹಳ್ಳಿಯ ಬಸ್ಸು ಬಂದಿತು. "ಮೇಷ್ಟ್ರೇ, ಹುಡುಗನನ್ನು ಇದಕ್ಕೆ ಹತ್ತಿಸಿಬಿಡಿ" ಎಂದ ಚಾಲಕ. "ದೋಷ ಗೊತ್ತಾಯಿತಲ್ಲ, ಇನ್ನೇಕೆ?" ಎಂದು ನಾನು ಬಸ್ಸನ್ನು ಹೋಗಗೊಟ್ಟೆ. ಮೂರು ತಿರುವು ಏರುವಷ್ಟರಲ್ಲಿ ಕಾರು ಮತ್ತೆ ನಿಂತಿತು.

ಹಿಂದಿನ ಸೀಟಿನಲ್ಲಿ ಪುಸ್ತಕ ಬಿಡಿಸಿ ಕುಳಿತಿದ್ದ ಹುಡುಗನು ಒಂದು ಮಾತನ್ನೂ ಆಡಲಿಲ್ಲ. ಬಹಳ ಹೊತ್ತು ಕಾದ ಮೇಲೆ ಅಕ್ಕಿಮೂಟೆಯ ಲಾರಿಯೊಂದು ಸಿಕ್ಕಿತು. ಅದರಲ್ಲಿ ಅವನನ್ನು ಕಳುಹಿಸಿದೆ. ಚಾಲಕನೂ ಅದೇ ಲಾರಿಯಲ್ಲಿ ಆಗುಂಬೆಯವರೆಗೆ ಹೋಗಿ ಒಬ್ಬ ಮೆಕ್ಯಾನಿಕ್‌ನನ್ನು ಕರೆತಂದ.

ವಯಸ್ಸಾದ ಆ ಮನುಷ್ಯ ಬಾನೆಟ್ಟನ್ನು ತೆರೆಯುವ ಮೊದಲು ಒಂದು ಪ್ರಶ್ನೆ ಕೇಳಿದ: "ನಿಲ್ಲುವಾಗ ಕೆಮ್ಮಿ ಕೆಮ್ಮಿ ನಿಂತಿತೋ, ದೀಪ ಆರಿದ ಹಾಗೆ ನಿಂತಿತೋ?"

"ದೀಪ ಆರಿದ ಹಾಗೆ" ಎಂದ ಚಾಲಕ. ಎರಡು ಸಲವೂ ಅವನು ಅದನ್ನು ಗಮನಿಸಿದ್ದ. ನಾನು ಅವನನ್ನು ಕೇಳಿರಲಿಲ್ಲ. ಪೆಟ್ರೋಲು ಬರುವುದು ತಪ್ಪಿದರೂ ಕಾರ್ಬ್ಯುರೇಟರಿನ ಪುಟ್ಟ ತೊಟ್ಟಿಯಲ್ಲಿ ಸ್ವಲ್ಪ ಉಳಿದಿರುತ್ತದೆ. ಅದು ಮುಗಿಯುತ್ತ ಬಂದಂತೆ ಎಂಜಿನ್ ತಡವರಿಸಿ, ಎಳೆದಾಡಿ ನಿಲ್ಲುತ್ತದೆ. ವಿದ್ಯುತ್ತು ಕಡಿದರೆ ಸಾಮಾನ್ಯವಾಗಿ ಅಂತಹ ಮುನ್ಸೂಚನೆ ಇರುವುದಿಲ್ಲ.

ಕಾರು ಅಷ್ಟರಲ್ಲಿ ತಣ್ಣಗಾಗಿದ್ದುದರಿಂದ ಮೊದಲ ಯತ್ನಕ್ಕೇ ಹೊರಟಿತು. ಮೆಕ್ಯಾನಿಕ್ ಹಿಗ್ಗಲಿಲ್ಲ. "ನಡೆಯುವ ಕಾರಿನಲ್ಲಿ ಏನು ಹುಡುಕಲಿ? ನಿಲ್ಲುವವರೆಗೆ ಹತ್ತಿಸು" ಎಂದು ತಾನೂ ಹತ್ತಿ ಕುಳಿತ. ಅದು ನಿಂತ ಕೂಡಲೇ ಇಳಿದು, ಕಾಯಿಲಿನಿಂದ ಬರುವ ದಪ್ಪ ತಂತಿಯ ತುದಿಯನ್ನು ಇಕ್ಕಳದಿಂದ ಎಂಜಿನ್ನಿನ ಲೋಹದ ಹತ್ತಿರ ಹಿಡಿದು ಸ್ಟಾರ್ಟರ್ ತಿರುಗಿಸಲು ಹೇಳಿದ. ಕಿಡಿ ಹಾರಲಿಲ್ಲ. (ತಿಳಿದವರಲ್ಲದೆ ಬೇರೆಯವರು ಇದನ್ನು ಮಾಡಬಾರದು, ಪೆಟ್ರೋಲು ಸೋರಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ವಿದ್ಯುದಾಘಾತವೂ ಆಗಬಹುದು.) ಆಮೇಲೆ ತಂತಿ ಕಟ್ಟಿದ ಒಂದು ಪುಟ್ಟ ಬಲ್ಬನ್ನು ತೆಗೆದ. ಕಾಯಿಲಿಗೆ ವಿದ್ಯುತ್ತು ಒಳಬರುವ ತುದಿಗೆ ಮುಟ್ಟಿಸಿದಾಗ ಬಲ್ಬು ಉರಿಯಿತು. ಹೊರಹೋಗುವ ತುದಿಯ ತಂತಿಯನ್ನು ಕಳಚಿ ಅಲ್ಲಿ ಮುಟ್ಟಿಸಿದಾಗ ಉರಿಯಲಿಲ್ಲ. ಎಂದರೆ ದಾರಿ ಕಡಿದಿದ್ದುದು ಆ ಎರಡು ತುದಿಗಳ ನಡುವೆ, ಕಾಯಿಲಿನ ಹೊಟ್ಟೆಯೊಳಗೆ.

ಕಾಯಿಲಿನಲ್ಲಿ ಕಬ್ಬಿಣದ ತಿರುಳಿನ ಮೇಲೆ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದರಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ತಡೆದರೆ ಇನ್ನೊಂದರಲ್ಲಿ ಅಧಿಕ ವೋಲ್ಟೇಜು ಹುಟ್ಟುತ್ತದೆ; ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದಕ್ಕೆ ಆಧಾರ. ನಮ್ಮ ಕಾರಿನ ಕಾಯಿಲಿಗೆ ವಯಸ್ಸಾಗಿ, ಮೊದಲ ಸುರುಳಿಯಲ್ಲೆಲ್ಲೋ ಒಂದು ಬಿರುಕು ಬಿದ್ದಿತ್ತು. ಕಾದು ಹಿಗ್ಗಿದಾಗ ಬಿರುಕು ಬಾಯಿಬಿಡುತ್ತಿತ್ತು. ಆರಿ ಕುಗ್ಗಿದಾಗ ಮತ್ತೆ ಕೂಡಿಕೊಳ್ಳುತ್ತಿತ್ತು. ನನ್ನ ಒದ್ದೆ ಟವಲಿನ ಮಹಿಮೆ ಇಷ್ಟೇ. ತಣ್ಣಗಾದ ಮೇಲೆ ಹೊರಡುವುದು ಪೆಟ್ರೋಲು ಆವಿಯಾದಾಗಿನ ಲಕ್ಷಣವೂ ಹೌದು, ಕಾಯಿಲು ಕೆಟ್ಟಾಗಿನ ಲಕ್ಷಣವೂ ಹೌದು. ಎರಡಕ್ಕೂ ಸಮಾನವಾದುದನ್ನು ಒಂದಕ್ಕೆ ಸಾಕ್ಷಿಯೆಂದು ನಾನು ಹಿಡಿದುಕೊಂಡಿದ್ದೆ.

ಮೆಕ್ಯಾನಿಕ್ ತಾನು ತಂದಿದ್ದ ಬೇರೊಂದು ಕಾಯಿಲನ್ನು ಜೋಡಿಸಿದ. ಕಾರು ಹೊರಟಿತು. ನಾನು ಹಣ ಕೊಡಲು ಹೋದರೆ, "ಸ್ವಲ್ಪ ತಡೆಯಿರಿ" ಎಂದು ಅದನ್ನು ಬಿಚ್ಚಿ, ಇನ್ನೂ ಬಿಸಿಯಾಗಿದ್ದ ಹಳೆಯ ಕಾಯಿಲನ್ನೇ ಮತ್ತೆ ಕೂಡಿಸಿದ. ಕಾರು ಹೊರಡಲಿಲ್ಲ. ಪುನಃ ಬದಲಾಯಿಸಿದ ಮೇಲೆಯೇ ಅವನು ಕೈ ಒರೆಸಿಕೊಂಡದ್ದು.

ನಾನು ತೀರ್ಥಹಳ್ಳಿಯನ್ನು ಸೇರಿದಾಗ ಪರೀಕ್ಷೆ ಮುಗಿದಿತ್ತು. ಹುಡುಗನು ಶಾಲೆಯ ಜಗಲಿಯ ಮೇಲೆ ಕುಳಿತಿದ್ದ. ಇಪ್ಪತ್ತೈದು ನಿಮಿಷ ತಡವಾಗಿ ಬಂದರೂ ಒಳಗೆ ಬಿಟ್ಟಿದ್ದರಂತೆ. ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಲು ಹೊತ್ತು ಸಾಲಲಿಲ್ಲವಂತೆ. ಬಸ್ಸಿನ ಮಾತನ್ನು ಅವನು ಎತ್ತಲಿಲ್ಲ. "ಕಾರಿಗೆ ಏನಾಗಿತ್ತು ಸಾರ್?" ಎಂದು ಮಾತ್ರ ಕೇಳಿದ. ನಾನು ಚೀಲದಿಂದ ಹಳೆಯ ಕಾಯಿಲನ್ನು ತೆಗೆದು ಅವನ ಕೈಗೆ ಕೊಟ್ಟು, ನಡೆದುದನ್ನೆಲ್ಲ, ನನ್ನ ತಪ್ಪನ್ನೂ ಸೇರಿಸಿ, ಮೊದಲಿನಿಂದ ಹೇಳಿದೆ.