ರಿವರ್ಸ್‌ನಲ್ಲಿ ನಡುಗುವ ಎಂಜಿಬಿ: ದೋಷ ಹುಡುಕುವ ಕ್ರಮ

ಎಂಜಿಬಿ ಕಾರು ರಿವರ್ಸ್‌ನಲ್ಲಿ ನಡುಗಿದರೆ ಮೊದಲ ಅನುಮಾನ ಕ್ಲಚ್ ಮೇಲೆ ಬೀಳುತ್ತದೆ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಸ್ಪೋರ್ಟ್ಸ್ ಕಾರಿನಲ್ಲಿ 1798 ಸಿಸಿ ಎಂಜಿನ್ ಮುಂದೆ ಇದ್ದು, ಹಿಂದಿನ ಚಕ್ರಗಳು ಕಾರನ್ನು ನಡೆಸುತ್ತವೆ. ಹಿಂಬದಿಯ ಆಕ್ಸಲ್ ಲೀಫ್ ಸ್ಪ್ರಿಂಗ್‌ಗಳಿಗೆ ಬಿಗಿಯಲ್ಪಟ್ಟಿರುತ್ತದೆ. ಕ್ಲಚ್ ಪ್ಲೇಟ್ ಬದಲಿಸಲು ಎಂಜಿನ್ನನ್ನೇ ಹೊರಗೆ ಎತ್ತಬೇಕು. ಅದಕ್ಕೆ ಕೈಹಾಕುವ ಮುನ್ನ ಹೊರಗಿನಿಂದ ಕಾಣುವ ಭಾಗಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ ಮುಗಿಸಬೇಕೆಂಬುದು ದುರಸ್ತಿಯ ಅನುಭವ ಕಲಿಸುವ ಮುಖ್ಯ ಪಾಠ.

ಮುಂದಕ್ಕೆ ನೆಟ್ಟಗೆ ಹೋಗುವ ಕಾರು ಹಿಂದಕ್ಕೆ ಮಾತ್ರ ನಡುಗಲು ಕಾರಣವಿದೆ. ರಿವರ್ಸ್‌ನಲ್ಲಿ ಪ್ರೊಪೆಲ್ಲರ್ ಶಾಫ್ಟ್ ತಿರುಗುವ ದಿಕ್ಕು ಬದಲಾಗುತ್ತದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಇನ್ನೊಂದು ಮಗ್ಗುಲಿಗೆ ವಾಲುತ್ತವೆ. ಮುಂದಕ್ಕೆ ಹೊರಡುವಾಗ ಮೂತಿ ಎತ್ತುವ ಆಕ್ಸಲ್ ಈಗ ಮೂತಿ ತಗ್ಗಿಸುತ್ತದೆ. ಒಂದು ದಿಕ್ಕಿನ ಒತ್ತಡದಲ್ಲಿ ಅಲುಗಾಡದೆ ಕೂತಿದ್ದ ಸವೆದ ಬುಷ್, ಹರಿದ ರಬ್ಬರ್, ಸಡಿಲವಾದ ಬೋಲ್ಟ್ ಇನ್ನೊಂದು ದಿಕ್ಕಿನಲ್ಲಿ ಆಡತೊಡಗುತ್ತವೆ. ಇದರ ಜೊತೆಗೆ, 1967ಕ್ಕೆ ಮುಂಚಿನ ಗೇರ್‌ಬಾಕ್ಸ್‌ನಲ್ಲಿ ಮೊದಲ ಗೇರಿನ ಅನುಪಾತ ಸುಮಾರು 3.64, ರಿವರ್ಸಿನದು ಸುಮಾರು 4.76. ಎಂಜಿನ್ನಿನ ಬಲ ಅಷ್ಟೇ ಇದ್ದರೂ ಶಾಫ್ಟನ್ನು ತಿರುಚುವ ಬಲ ರಿವರ್ಸ್‌ನಲ್ಲಿ ಶೇ. 30ರಷ್ಟು ಹೆಚ್ಚಿರುತ್ತದೆ.

ಮೊದಲು ಗಮನಿಸಬೇಕಾದದ್ದು ನಡುಕ ಬರುವ ಗಳಿಗೆ. ಕ್ಲಚ್ ಪೆಡಲ್ ಬಿಡುತ್ತಿರುವಾಗ ಮಾತ್ರ ನಡುಗಿ, ಪೂರ್ತಿ ಬಿಟ್ಟ ಮೇಲೆ ನಿಂತರೆ ಕ್ಲಚ್ ಅಥವಾ ಮೌಂಟಿಂಗ್ ಕಡೆಗೆ ನೋಡಬೇಕು. ಪೆಡಲ್ ಬಿಟ್ಟ ಮೇಲೂ ಮುಂದುವರಿದರೆ ಪ್ರೊಪೆಲ್ಲರ್ ಶಾಫ್ಟ್, ಆಕ್ಸಲ್, ಬ್ರೇಕುಗಳ ಸರದಿ. ತೇವದ ಬೆಳಿಗ್ಗೆ ಒಂದೆರಡು ಸಲ ನಡುಗಿ ಸರಿಹೋಗುವುದು ಫ್ಲೈವೀಲ್ ಮೇಲಿನ ತೆಳು ತುಕ್ಕಿನಿಂದಲೂ ಆಗಬಹುದು. ಎಂಜಿನ್ ಐಡ್ಲಿಂಗ್‌ನಲ್ಲೇ ತಡವರಿಸುತ್ತಿದ್ದರೆ ಮೊದಲು ಪ್ಲಗ್, ಟೈಮಿಂಗ್ ಮತ್ತು ಎಸ್‌ಯು ಕಾರ್ಬ್ಯುರೇಟರ್‌ಗಳನ್ನು ಸರಿಪಡಿಸಬೇಕು. ಇಲ್ಲವಾದರೆ ಮುಂದಿನ ಯಾವ ಪರೀಕ್ಷೆಯನ್ನೂ ನಂಬುವಂತಿಲ್ಲ.

ಎರಡನೆಯದು ಮೌಂಟಿಂಗ್ ಪರೀಕ್ಷೆ. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬಾನೆಟ್ ತೆರೆದು ಒಬ್ಬರು ಕ್ಲಚ್ಚನ್ನು ಮೆಲ್ಲಗೆ ಹಿಡಿತಕ್ಕೆ ತರಬೇಕು. ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಬೇಕು. ಕಾರಿನ ಮುಂದೆಯಾಗಲಿ ಹಿಂದೆಯಾಗಲಿ ಯಾರೂ ನಿಲ್ಲಬಾರದು. ಮೊದಲ ಗೇರಿನಲ್ಲಿ ಸ್ವಲ್ಪವೇ ವಾಲುವ ಎಂಜಿನ್ ರಿವರ್ಸ್‌ನಲ್ಲಿ ತಟ್ಟನೆ ಮೇಲೆದ್ದರೆ ರಬ್ಬರ್ ಲೋಹದ ತಟ್ಟೆಯಿಂದ ಬಿಟ್ಟುಕೊಂಡಿರುವ ಸಾಧ್ಯತೆ ಹೆಚ್ಚು. ಎಣ್ಣೆಯಲ್ಲಿ ನೆನೆದ ರಬ್ಬರ್ ಹೊರನೋಟಕ್ಕೆ ಗಟ್ಟಿ ಕಂಡರೂ ಒಳಗೆ ಮೆತ್ತಗಾಗಿರುತ್ತದೆ. ಗೇರ್‌ಬಾಕ್ಸ್ ಕೆಳಗಿನ ರಬ್ಬರುಗಳನ್ನೂ ಮರೆಯಬಾರದು.

ಮೂರನೆಯದು ಕಾರಿನ ಅಡಿಭಾಗ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ನುಸುಳಬಾರದು, ಭದ್ರವಾದ ಸ್ಟ್ಯಾಂಡ್‌ಗಳು ಬೇಕು. ಶಾಫ್ಟನ್ನು ಕೈಯಿಂದ ಅತ್ತಿತ್ತ ತಿರುಚಿದಾಗ ಯೂನಿವರ್ಸಲ್ ಜಾಯಿಂಟಿನಲ್ಲಿ ಆಟ ಕಾಣಬಾರದು. ಫ್ಲೇಂಜ್ ಬೋಲ್ಟುಗಳು, ಆಕ್ಸಲ್ಲನ್ನು ಸ್ಪ್ರಿಂಗಿಗೆ ಹಿಡಿದಿರುವ ಯು-ಬೋಲ್ಟುಗಳು ಬಿಗಿಯಾಗಿರಬೇಕು. ಆಕ್ಸಲ್ ಮತ್ತು ಸ್ಪ್ರಿಂಗ್ ನಡುವಿನ ರಬ್ಬರ್ ಪ್ಯಾಡ್‌ಗಳು, ಸ್ಪ್ರಿಂಗ್ ಕಣ್ಣಿನ ಬುಷ್‌ಗಳು ಪುಡಿಯಾಗಿದ್ದರೆ ಆಕ್ಸಲ್ ತಿರುಚಿಕೊಂಡು ಮತ್ತೆ ಚಿಮ್ಮುತ್ತದೆ. ಒಳಗೆ ಕೂತವರಿಗೆ ಅದು ಕ್ಲಚ್ಚಿನ ನಡುಕದಂತೆಯೇ ಅನ್ನಿಸುತ್ತದೆ. ಹಿಂದಿನ ಡ್ರಮ್ ಬ್ರೇಕಿನ ಶೂ ಉಜ್ಜುತ್ತಿದೆಯೇ ಎಂದು ಚಕ್ರವನ್ನು ಎರಡೂ ದಿಕ್ಕಿಗೆ ಕೈಯಿಂದ ತಿರುಗಿಸಿ ನೋಡಬೇಕು.

ಇಷ್ಟೆಲ್ಲ ಸರಿಯಿದ್ದೂ ನಡುಕ ಉಳಿದರೆ ಎಂಜಿನ್ ಎತ್ತುವುದು ಅನಿವಾರ್ಯ. ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಿದೆಯೇ, ಫ್ಲೈವೀಲ್ ಮೇಲೆ ಕಾಯ್ದು ನೀಲಿಗಟ್ಟಿದ ಕಲೆಗಳಿವೆಯೇ, ಪ್ರೆಷರ್ ಪ್ಲೇಟ್ ಸೊಟ್ಟಗಾಗಿದೆಯೇ, ಗೇರ್‌ಬಾಕ್ಸ್ ಶಾಫ್ಟಿನ ತುದಿ ಕೂರುವ ಬುಷ್ ಸವೆದಿದೆಯೇ ಎಂದು ನೋಡಬೇಕು. ಎಣ್ಣೆ ಕಂಡಲ್ಲಿ ಪ್ಲೇಟ್ ಬದಲಿಸಿದರೆ ಸಾಲದು, ಸೋರುವ ಮೂಲವನ್ನೂ ಮುಚ್ಚಬೇಕು. 1964ರ ನಂತರದ ಐದು ಬೇರಿಂಗ್ ಎಂಜಿನ್ನಿನ ಹಿಂಬದಿಯಲ್ಲಿ ಬದಲಿಸಬಹುದಾದ ಆಯಿಲ್ ಸೀಲ್ ಇದೆ. ಅದಕ್ಕೂ ಹಿಂದಿನ ಮೂರು ಬೇರಿಂಗ್ ಎಂಜಿನ್ನಿನಲ್ಲಿ ಅಂಥ ಸೀಲ್ ಇಲ್ಲ. ಕ್ರ್ಯಾಂಕ್ ಶಾಫ್ಟಿನ ತಿರುಪು ಗೀರುಗಳೇ ಎಣ್ಣೆಯನ್ನು ಒಳಕ್ಕೆ ತಳ್ಳುತ್ತವೆ. ಹಾಗಾಗಿ ಅಲ್ಲಿ ಬೇರಿಂಗ್ ಸವೆತವನ್ನೂ ಅಳೆಯಬೇಕು.

ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ, ಅದೇ ಇಳಿಜಾರಿನಲ್ಲಿ, ಎಂಜಿನ್ ಅಷ್ಟೇ ಕಾದಿರುವಾಗ ಮತ್ತೆ ಪರೀಕ್ಷಿಸಿದರೆ ಮಾತ್ರ ನಿಜವಾದ ಕಾರಣ ಖಚಿತವಾಗುತ್ತದೆ. ಎಂಜಿನ್ ಹೊರಗಿರುವಾಗ ಮಾತ್ರ ಈ ನಿಯಮ ಸಡಿಲಿಸಿ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದು ಒಳ್ಳೆಯದು. ಮತ್ತೊಮ್ಮೆ ಎಂಜಿನ್ ಎತ್ತುವ ಶ್ರಮದ ಮುಂದೆ ಆ ಖರ್ಚು ಹೆಚ್ಚಲ್ಲ.