ಮಿಯುರಾ

ಉಳುವ ಯಂತ್ರಕ್ಕೂ ವೇಗದ ಕಾರಿಗೂ ಮೇಲುನೋಟಕ್ಕೆ ಯಾವ ನಂಟೂ ಕಾಣದು. ಒಂದು ಹೊಲದ ಹೆಂಟೆಗಳ ನಡುವೆ ಮೆಲ್ಲಗೆ ಸಾಗುತ್ತದೆ. ಇನ್ನೊಂದು ಗಾಳಿಯೊಡನೆ ಪಂಥ ಕಟ್ಟುತ್ತದೆ. ಆದರೆ ಇವೆರಡನ್ನೂ ಒಬ್ಬನೇ ವ್ಯಕ್ತಿ ನಿರ್ಮಿಸಿದ ನಿದರ್ಶನ ಇಟಲಿ ದೇಶದಲ್ಲಿದೆ. ಆ ವ್ಯಕ್ತಿಯೇ ಫೆರುಚ್ಚೊ ಲ್ಯಾಂಬೊರ್ಗಿನಿ.

1916ರಲ್ಲಿ ಚೆಂತೊ ಪಟ್ಟಣದ ಬಳಿಯ ರೆನಾತ್ಸೊ ಎಂಬ ಹಳ್ಳಿಯಲ್ಲಿ, ದ್ರಾಕ್ಷಿ ಬೆಳೆಯುವ ರೈತರ ಮನೆಯಲ್ಲಿ ಅವರು ಜನಿಸಿದರು. ಎಳವೆಯಿಂದಲೂ ಅವರ ಒಲವು ಬಳ್ಳಿಗಳಿಗಿಂತ ಯಂತ್ರಗಳ ಕಡೆಗೇ ಹೆಚ್ಚು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೋಡ್ಸ್ ದ್ವೀಪದಲ್ಲಿ ಸೇನಾ ವಾಹನಗಳ ದುರಸ್ತಿ ಮಾಡುತ್ತ ಅವರು ಕೈ ಪಳಗಿಸಿಕೊಂಡರು. ಯುದ್ಧ ಮುಗಿದಾಗ ರೈತರಿಗೆ ಟ್ರ್ಯಾಕ್ಟರು ಬೇಕಾಗಿತ್ತು. ಸೇನೆ ಬಿಟ್ಟುಹೋದ ವಾಹನಗಳು ಬಳಕೆಯಿಲ್ಲದೆ ಬಿದ್ದಿದ್ದವು. ಅವುಗಳ ಭಾಗಗಳನ್ನೇ ಜೋಡಿಸಿ ಟ್ರ್ಯಾಕ್ಟರು ಕಟ್ಟಿದ ಲ್ಯಾಂಬೊರ್ಗಿನಿ 1948ರಲ್ಲಿ ಕಾರ್ಖಾನೆಯನ್ನು ಆರಂಭಿಸಿ, ಕೆಲವೇ ವರ್ಷಗಳಲ್ಲಿ ಶ್ರೀಮಂತರಾದರು.

ಹಣ ಬಂದ ಮೇಲೆ ಅವರು ಹೆಸರಾಂತ ಫೆರಾರಿ ಕಾರುಗಳನ್ನು ಕೊಂಡರು. ಅವುಗಳ ಕ್ಲಚ್ಚು ಪದೇ ಪದೇ ಕೆಡುತ್ತಿತ್ತು. ಇದನ್ನು ಹೇಳಲು ಹೋದ ಲ್ಯಾಂಬೊರ್ಗಿನಿಯವರನ್ನು ಎಂಜೊ ಫೆರಾರಿಯವರು ಟ್ರ್ಯಾಕ್ಟರು ಮಾಡುವವನಿಗೆ ಕಾರಿನ ಗೊಡವೆ ಏಕೆಂದು ಹಂಗಿಸಿದರಂತೆ. ಇದು ಬಾಯಿಂದ ಬಾಯಿಗೆ ಬೆಳೆದುಬಂದ ಕಥೆ. ಆದರೆ 1963ರಲ್ಲಿ ಸಂತ್ ಅಗಾತ ಎಂಬ ಊರಿನಲ್ಲಿ ಅವರ ಕಾರಿನ ಕಾರ್ಖಾನೆ ತಲೆಯೆತ್ತಿದ್ದು ಕಥೆಯಲ್ಲ, ಇತಿಹಾಸ.

ಅಲ್ಲಿ ದಲ್ಲಾರ ಮತ್ತು ಸ್ತಂಜಾನಿ ಎಂಬ ಯುವ ಎಂಜಿನಿಯರುಗಳಿದ್ದರು. ಕಾರನ್ನು ಓಡಿಸಿ ಪರೀಕ್ಷಿಸಲು ನ್ಯೂಜಿಲೆಂಡಿನ ಬಾಬ್ ವಾಲೇಸ್ ಇದ್ದರು. ಕೆಲಸದ ವೇಳೆ ಮುಗಿದ ಮೇಲೂ ಕುಳಿತು ಅವರು ಹೊಸದೊಂದು ಕಾರನ್ನು ರೂಪಿಸಿದರು. ಹನ್ನೆರಡು ಸಿಲಿಂಡರುಗಳ ಎಂಜಿನ್ನನ್ನು ಮುಂದಿಡದೆ, ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ಕೂರಿಸಿದರು. ಇದರ ಮರ್ಮ ಎತ್ತಿನ ಬಂಡಿ ಹೂಡುವವರಿಗೆ ಸುಲಭವಾಗಿ ತಿಳಿಯುತ್ತದೆ. ಹೊರೆ ಮುಂದಾದರೆ ಎತ್ತುಗಳ ಹೆಗಲಿಗೆ ಭಾರ. ಹಿಂದಾದರೆ ನೊಗ ಮೇಲೇಳುತ್ತದೆ. ಹಾಗೆಯೇ ಕಾರಿನ ಭಾರವೂ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಕೂಡಿದ್ದರೆ ಅದು ತಿರುವುಗಳಲ್ಲಿ ಚುರುಕಾಗಿ ಹೊರಳುತ್ತದೆ.

ಅದಕ್ಕೆ ರೂಪ ಕೊಟ್ಟವರು ಬೆರ್ತೋನೆ ಸಂಸ್ಥೆಯ ಮಾರ್ಚೆಲ್ಲೊ ಗಂದೀನಿ. ಈ ನಾಲ್ವರಲ್ಲಿ ಯಾರಿಗೂ ಆಗ ಮೂವತ್ತು ತುಂಬಿರಲಿಲ್ಲ. 1966ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಕಾರು ಕಾಣಿಸಿಕೊಂಡಾಗ ನೋಡಿದವರು ಬೆರಗಾದರು. ನೆಲದಿಂದ ಅದರ ಎತ್ತರ ಒಂದು ಮೀಟರಿಗಿಂತ ತುಸುವೇ ಹೆಚ್ಚು. ದೀಪಗಳ ಸುತ್ತ ರೆಪ್ಪೆಗೂದಲಿನಂಥ ಕಪ್ಪು ಪಟ್ಟಿಗಳು. ವೇಗ ಗಂಟೆಗೆ ಸುಮಾರು 280 ಕಿಲೋಮೀಟರು. ಸ್ಪೇನಿನ ಪ್ರಸಿದ್ಧ ಗೂಳಿಗಳ ಮನೆತನದ ಹೆಸರನ್ನೇ ಅದಕ್ಕಿಟ್ಟು 'ಮಿಯುರಾ' ಎಂದು ಕರೆದರು. ದೇವಣಿ ಹೋರಿಯ ಠೀವಿಯನ್ನು ಕಂಡ ಬೀದರ ಸೀಮೆಯ ರೈತನಿಗೆ ಈ ಹೆಸರಿನ ಅಭಿಮಾನ ಅರ್ಥವಾಗದೆ ಇರದು.

ಮಿಯುರಾ ನಿರ್ದೋಷಿಯಾಗಿರಲಿಲ್ಲ. ಅತಿ ವೇಗದಲ್ಲಿ ಗಾಳಿ ಅದರ ಮುಂಭಾಗವನ್ನು ಮೇಲೆತ್ತುತ್ತಿತ್ತು. ಎಂಜಿನ್ನಿನ ಕಾವು ಒಳಗಿದ್ದವರನ್ನು ಬಳಲಿಸುತ್ತಿತ್ತು. 1973ರಲ್ಲಿ ಅದರ ತಯಾರಿಕೆ ನಿಂತಾಗ ಸುಮಾರು 760 ಕಾರುಗಳಷ್ಟೇ ಸಿದ್ಧವಾಗಿದ್ದವು. ಆದರೂ ಎಂಜಿನ್ನನ್ನು ನಡುವೆ ಇರಿಸುವ ಕ್ರಮವನ್ನು ಮುಂದೆ ಅನೇಕ ವೇಗದ ಕಾರುಗಳು ಅನುಸರಿಸಿದವು.

ಇಬ್ಬರೇ ಕುಳಿತುಕೊಳ್ಳಬಹುದಾದ, ಸಿರಿವಂತರಿಗಷ್ಟೇ ಎಟಕುವ ಕಾರಿನಿಂದ ಲೋಕಕ್ಕೇನು ಪ್ರಯೋಜನ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಸಂತಪುರದ ಹೊಲಕ್ಕೆ ಬೇಕಾದುದು ಟ್ರ್ಯಾಕ್ಟರೇ ಹೊರತು ಮಿಯುರಾ ಅಲ್ಲ. ಆದರೆ ನೀರು ಕುಡಿಯಲು ಮಣ್ಣಿನ ಮಡಕೆ ಸಾಕಾದರೂ, ಬೀದರಿನ ಕುಶಲಕರ್ಮಿ ಸತು ತಾಮ್ರಗಳ ಎರಕದಲ್ಲಿ ಬೆಳ್ಳಿಯ ಬಳ್ಳಿ ಕೂರಿಸಿ ಹೂಜಿ ಮಾಡುತ್ತಾನೆ. ಅನ್ನ ಕೊಡುವ ಕೆಲಸವನ್ನು ಮರೆಯದೆ ಅಂದವನ್ನು ಅರಸುವುದೂ ಮನುಷ್ಯನ ಸ್ವಭಾವ.

ಲ್ಯಾಂಬೊರ್ಗಿನಿಯವರ ವೈಭವ ಬಹುಕಾಲ ಉಳಿಯಲಿಲ್ಲ. ವ್ಯಾಪಾರ ಕುಸಿದು, 1970ರ ದಶಕದ ಮೊದಲ ವರ್ಷಗಳಲ್ಲಿ ಎರಡೂ ಕಾರ್ಖಾನೆಗಳು ಪರರ ಪಾಲಾದವು. ಅವರು ಉಂಬ್ರಿಯ ಪ್ರಾಂತಕ್ಕೆ ಹೋಗಿ ದ್ರಾಕ್ಷಿತೋಟ ಮಾಡಿಕೊಂಡು, 1993ರಲ್ಲಿ ತೀರಿಕೊಂಡರು. ಯಂತ್ರದ ಸೆಳೆತಕ್ಕೆ ಸಿಕ್ಕಿ ಮಣ್ಣನ್ನು ಬಿಟ್ಟು ಹೊರಟ ರೈತನ ಮಗ ಕೊನೆಗೆ ಮಣ್ಣಿಗೇ ಮರಳಿದ್ದನು.