ಇಂಧನಕ್ಕೆ ಬಂಕು, ತಪಾಸಣೆಗೆ ಬೆಳಗು

ಘಾಟಿ ರಸ್ತೆಗಳಲ್ಲಿ ಪ್ರವಾಸಿಗರನ್ನೂ ಮದುವೆ ದಿಬ್ಬಣಗಳನ್ನೂ ಸಾಗಿಸುವ ಡೀಸೆಲ್ ವ್ಯಾನ್‌ಗಳ ಚಾಲಕರಲ್ಲಿ, ಬಂಕಿನಲ್ಲಿ ಇಂಧನ ತುಂಬುವಷ್ಟರಲ್ಲೇ ಬಾನೆಟ್ ಎತ್ತಿ ಆಯಿಲ್, ನೀರು ನೋಡಿಬಿಡುವ ರೂಢಿ ಕಂಡುಬರುತ್ತದೆ. ಇಂತಹ ವಾಹನಗಳನ್ನು ದೀರ್ಘಕಾಲ ನಡೆಸಿದವರ ಅನುಭವ ಮಾತ್ರ ಈ ಎರಡು ಕೆಲಸಗಳನ್ನು ಬೇರ್ಪಡಿಸುವುದೇ ಲೇಸೆಂದು ಕಲಿಸುತ್ತದೆ. ಏಕೆಂದರೆ ಓಡಿ ಬಂದು ಕಾದಿರುವ ಎಂಜಿನ್ ತನ್ನೊಳಗಿನ ದ್ರವಗಳ ನಿಜವಾದ ಮಟ್ಟವನ್ನು ತೋರುವುದಿಲ್ಲ.

ಬಂಕಿನಲ್ಲಿ ಎಂಜಿನ್ ಆರಿಸುವುದು, ಬೀಡಿ ಸಿಗರೇಟು ಹಚ್ಚದಿರುವುದು ಎಲ್ಲರಿಗೂ ತಿಳಿದ ನಿಯಮಗಳೇ. ಡೀಸೆಲ್ ಸುಲಭವಾಗಿ ಹೊತ್ತಿಕೊಳ್ಳದೆಂಬ ಧೈರ್ಯದಿಂದ ಅವುಗಳನ್ನು ಸಡಿಲಿಸುವವರು, ಪಕ್ಕದ ಪಂಪಿನಿಂದ ಹೊಮ್ಮುವ ಪೆಟ್ರೋಲ್ ಆವಿಯು ಗಾಳಿಗಿಂತ ಭಾರವಾಗಿದ್ದು ನೆಲದ ಮಟ್ಟದಲ್ಲಿ ಹರಡುತ್ತದೆಂಬುದನ್ನು ಮರೆಯುತ್ತಾರೆ. ನಾಜಲ್‌ನ ತುದಿಯಲ್ಲಿರುವ ಸಣ್ಣ ರಂಧ್ರವನ್ನು ಇಂಧನ ಮುಚ್ಚಿದೊಡನೆ ಹರಿವು ತಾನಾಗಿ ನಿಲ್ಲುತ್ತದೆ. ಆಮೇಲೆ ಬಿಲ್ಲಿನ ಮೊತ್ತವನ್ನು ಪೂರ್ಣಾಂಕಕ್ಕೆ ತರಲೆಂದು ಮತ್ತೆ ಮತ್ತೆ ಒತ್ತಿಸುವುದರಿಂದ, ಬಿಸಿಲಿಗೆ ಇಂಧನ ಹಿಗ್ಗಲು ಟ್ಯಾಂಕಿನಲ್ಲಿ ಉಳಿಯಬೇಕಾದ ಜಾಗವೇ ಇಲ್ಲವಾಗುತ್ತದೆ. ಮೀಟರಿನ ಸೊನ್ನೆಯನ್ನು ನೋಡುವಷ್ಟೇ ಎಚ್ಚರದಿಂದ ಯಾವ ಇಂಧನದ ನಾಜಲ್ ಎಂಬುದನ್ನೂ ನೋಡಬೇಕು. ಡೀಸೆಲ್ ವ್ಯಾನಿಗೆ ಪೆಟ್ರೋಲ್ ಬಿದ್ದರೆ ಕೀಲಿ ತಿರುಗಿಸದೆ ಟ್ಯಾಂಕ್ ಖಾಲಿ ಮಾಡಿಸುವುದೇ ದಾರಿ, ಏಕೆಂದರೆ ಇಂಧನ ಪಂಪಿನ ಒಳಭಾಗಗಳಿಗೆ ಜಾರುಗುಣ ಒದಗಿಸುವುದು ಡೀಸೆಲ್ಲೇ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಕೆಲವು ಡೀಸೆಲ್ ವಾಹನಗಳಲ್ಲಿ ಹೊಗೆಯ ಸಾರಜನಕ ಆಕ್ಸೈಡ್‌ಗಳನ್ನು ತಗ್ಗಿಸಲು ಶೇಕಡಾ 32.5ರಷ್ಟು ಯೂರಿಯಾ ಇರುವ ದ್ರಾವಣಕ್ಕೆ ಪ್ರತ್ಯೇಕ ಟ್ಯಾಂಕ್ ಇರುತ್ತದೆ; ಸಾಮಾನ್ಯವಾಗಿ ನೀಲಿ ಮುಚ್ಚಳದ ಅದಕ್ಕೂ ಡೀಸೆಲ್ ಟ್ಯಾಂಕಿಗೂ ಅದಲುಬದಲಾದರೆ ದುರಸ್ತಿಯ ಖರ್ಚು ದೊಡ್ಡದು.

ಉಳಿದ ತಪಾಸಣೆಯೆಲ್ಲ ಬೆಳಗಿನ ಕೆಲಸ. ಸಮತಟ್ಟಾದ ನೆಲದಲ್ಲಿ ರಾತ್ರಿಯಿಡೀ ನಿಂತ ವ್ಯಾನಿನಲ್ಲಿ ಆಯಿಲ್ ಪೂರ್ತಿಯಾಗಿ ತಳಕ್ಕಿಳಿದಿರುವುದರಿಂದ, ಡಿಪ್‌ಸ್ಟಿಕ್ ಎಂಬ ಅಳತೆ ಕಡ್ಡಿಯನ್ನು ಒಮ್ಮೆ ಒರೆಸಿ ಮತ್ತೆ ಇಳಿಸಿ ತೆಗೆದಾಗ ಕಾಣುವ ಗುರುತು ನಂಬಿಕೆಗೆ ಅರ್ಹ. ಡೀಸೆಲ್ ಎಂಜಿನ್ನಿನ ಆಯಿಲ್ ಬದಲಾಯಿಸಿದ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಸಹಜ. ಹಾಲು ಬೆರೆತಂತೆ ಕಂಡರೆ ನೀರು ಸೇರಿದೆಯೆಂದು ಶಂಕಿಸಬೇಕು. ಮಟ್ಟ ತಾನಾಗಿ ಏರಿದ್ದರೆ ಅದು ಸಂತೋಷದ ಸಂಗತಿಯಲ್ಲ, ಡೀಸೆಲ್ಲೋ ಕೂಲೆಂಟೋ ಒಳಸೇರಿರುವ ಸೂಚನೆ. ಎಂಜಿನ್ನಿನ ಶಾಖವನ್ನು ಹೊರಸಾಗಿಸುವ ಕೂಲೆಂಟ್ ಒತ್ತಡದಲ್ಲಿರುವುದರಿಂದ ಸಾಮಾನ್ಯ ಕುದಿಬಿಂದು ದಾಟಿದರೂ ಕುದಿಯದೆ ಇರುತ್ತದೆ. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳ ತೆರೆದೊಡನೆ ಒತ್ತಡ ಇಳಿದು ಅದು ಉಕ್ಕಿ ಮುಖ, ಕೈ ಸುಡುತ್ತದೆ.

ಚಾರ್ಮಾಡಿ, ಆಗುಂಬೆಗಳಂಥ ಇಳಿಜಾರಿನಲ್ಲಿ ಪ್ರಾಣ ನಿಂತಿರುವುದು ಬ್ರೇಕ್ ಆಯಿಲ್ ಮೇಲೆ. ಗಾಳಿಯ ತೇವವನ್ನು ಹೀರುವ ಗುಣವುಳ್ಳ ಈ ದ್ರವದ ಡಾಟ್ 3 ದರ್ಜೆಗೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಕುದಿಬಿಂದು ನಿಗದಿಯಾಗಿದ್ದರೆ, ತೇವ ಹೀರಿದ ಸ್ಥಿತಿಯಲ್ಲಿ ಆ ಮಿತಿ 140 ಡಿಗ್ರಿ. ಸತತ ಬ್ರೇಕಿನ ಶಾಖಕ್ಕೆ ಅದು ಕುದಿದರೆ ಆವಿಯ ಗುಳ್ಳೆಗಳು ಅದುಮಿಕೊಂಡು ಪೆಡಲ್ ಮೆತ್ತಗಾಗುತ್ತದೆ. ಮಟ್ಟ ಇಳಿದಿದ್ದರೆ ಪ್ಯಾಡ್ ಸವೆದಿರಬಹುದು, ಇಲ್ಲವೇ ಎಲ್ಲಿಯೋ ಸೋರುತ್ತಿರಬಹುದು. ಕಾರಣ ಹುಡುಕದೆ ಸುರಿದು ತುಂಬಿಸುವವನು ವಾಹನ ಕೊಟ್ಟ ಸುಳಿವನ್ನೇ ಅಳಿಸಿಹಾಕುತ್ತಾನೆ. ಸುರಿಯಲೇಬೇಕಾದರೆ ಮುಚ್ಚಳದಲ್ಲಿ ನಮೂದಿಸಿದ ದರ್ಜೆಯ, ಸೀಲ್ ಒಡೆಯದ ಡಬ್ಬಿಯದನ್ನೇ ಬಳಸಬೇಕು. ಸೀಟಿನ ಕೆಳಗೆ ತಿಂಗಳುಗಟ್ಟಲೆ ಉರುಳಾಡಿದ ಅರ್ಧ ಡಬ್ಬಿಯು ಅದಾಗಲೇ ತೇವ ಹೀರಿಕೊಂಡಿರುತ್ತದೆ.